ರಕ್ತಹೀನತೆ ಮತ್ತು ನಮ್ಮ ದಿನನಿತ್ಯದ ಊಟ

(ಆಸ್ಪತ್ರೆಯ ಹೆರಿಗೆ ವಿಭಾಗದ ಮುಂದಿನ ಪಡಸಾಲೆಯಲ್ಲಿ ರೋಗಿಗಳಿಗೆ ಹಾಗೂ ಅವರ ಸಂಬಂಧಿಕರಿಗೆ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ನಾನು ಈ ಆಸ್ಪತ್ರೆಯಲ್ಲಿ ಶುಶ್ರೂಷಾ ಬೋಧಕಿ. ನರ್ಸಿಂಗ್ ಕಲಿಯಲು ಬಂದ ಹುಡುಗಿಯರಿಗೆ ಪಾಠ ಹೇಳುವುದು ಮತ್ತು ಹೀಗೆ ನಿಮ್ಮೊಡನೆ ಕುಳಿತು ನಾಲ್ಕು ಮಾತನಾಡುವುದು ನನ್ನ ಕೆಲಸ. ವಾರ್ಡಿನಲ್ಲಿ ಸುತ್ತು ಹಾಕುವಾಗ ದಿನಕ್ಕೆ ಹತ್ತು ಸಲವಾದರೂ ನನಗೆ ಎದುರಾಗುವ ಪ್ರಶ್ನೆ ಒಂದೇ. "ಸಿಸ್ಟರ್, ಡಾಕ್ಟರು ರಕ್ತ ಕಡಿಮಿ ಐತಿ ಅಂದಾರ್ರೀ. ಏನು ತಿನ್ನಸಬೇಕ್ರೀ?" ಹೀಗೆ ಕೇಳುವವರ ಕೈಯಲ್ಲಿ ಒಂದು ಚೀಲ ಇದ್ದೇ ಇರುತ್ತದೆ. ಅದರಲ್ಲಿ ನಾಲ್ಕು ಸೇಬು, ಒಂದು ಬ್ರೆಡ್ಡು, ಎರಡು ಪುಡಿಕೆ ಬಿಸ್ಕೀಟು, ಕೈಯಲ್ಲಿ ದುಡ್ಡಿದ್ದವರಾದರೆ ಒಂದು ದಾಳಿಂಬೆ, ಇನ್ನೂ ಸ್ವಲ್ಪ ಅನುಕೂಲವಿದ್ದವರಾದರೆ ಹಾಲಿಗೆ ಹಾಕುವ ಪುಡಿಯ ಡಬ್ಬಿ. ಕೂಲಿ ಮಾಡುವ ಮನೆಯವರಿಗೆ ಆ ಚೀಲವೆಂದರೆ ಒಂದು ದಿನದ ದುಡಿಮೆ. ಪ್ರೀತಿಯಿಂದ ತಂದಿರುತ್ತೀರಿ, ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಆ ಚೀಲದಲ್ಲಿ ಉತ್ತರವಿಲ್ಲ ಎಂಬುದನ್ನು ಹೇಳದೆ ಇರಲಾರೆ.

ಸೇಬಿನಲ್ಲಿ ಕಬ್ಬಿಣಾಂಶ ಅತ್ಯಲ್ಪ. ದಾಳಿಂಬೆಯಲ್ಲಿಯೂ ಅಷ್ಟೇ. ಬೀಟ್‌ರೂಟ್ ಕತ್ತರಿಸಿದರೆ ಕೈಯೆಲ್ಲ ಕೆಂಪಾಗುತ್ತದೆ, ನಿಜ. ಆದರೆ ಆ ಕೆಂಪು ಬೇರೆ, ರಕ್ತದ ಕೆಂಪು ಬೇರೆ. ಕೆಂಪಗೆ ಕಂಡದ್ದೆಲ್ಲ ರಕ್ತವಾಗುತ್ತದೆ ಎಂಬುದು ನಮ್ಮ ಕಣ್ಣು ನಮಗೆ ಮಾಡುವ ಮೋಸ. ಹಣ್ಣು ತಿನ್ನಬೇಡಿ ಎಂದು ನಾನು ಹೇಳುತ್ತಿಲ್ಲ. ರಕ್ತಕ್ಕಾಗಿ ಎಂದು ಸಾಲ ಮಾಡಿ ಸೇಬು ತರಬೇಡಿ ಎನ್ನುತ್ತಿದ್ದೇನೆ.

ರಕ್ತ ಕಡಿಮೆ ಎಂದರೆ ಮೈಯಲ್ಲಿ ರಕ್ತದ ಅಳತೆ ಕಡಿಮೆ ಎಂದಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಕೆಂಪು ಪದಾರ್ಥವಿದೆ. ನಾವು ಎಳೆದುಕೊಂಡ ಉಸಿರಿನಲ್ಲಿರುವ ಪ್ರಾಣವಾಯುವನ್ನು ಹೊತ್ತುಕೊಂಡು ಮಿದುಳಿಗೆ, ಹೃದಯಕ್ಕೆ, ಕೈಕಾಲಿಗೆ, ಗರ್ಭದಲ್ಲಿರುವ ಕೂಸಿಗೆ ಮುಟ್ಟಿಸುವುದು ಇದರ ಕೆಲಸ. ಇದು ತಯಾರಾಗಲು ಕಬ್ಬಿಣಾಂಶ ಬೇಕು, ಪ್ರೊಟೀನ್ ಬೇಕು, ಫೋಲಿಕ್ ಆಮ್ಲ ಮತ್ತು ಬಿ12 ಎಂಬ ಜೀವಸತ್ವಗಳು ಬೇಕು. ನಿಮ್ಮ ಲ್ಯಾಬ್ ಚೀಟಿಯಲ್ಲಿ 'ಎಚ್‌ಬಿ' ಎಂದು ಬರೆದಿರುವುದು ಇದನ್ನೇ. ಹೆಂಗಸರಿಗೆ ಇದು 12 ಇರಬೇಕು, ಬಸುರಿಯರಿಗೆ ಕನಿಷ್ಠ 11, ಗಂಡಸರಿಗೆ 13. ಬಸುರಿಯರಲ್ಲಿ 7ಕ್ಕಿಂತ ಕೆಳಗೆ ಇಳಿಯಿತೆಂದರೆ ತೀವ್ರ ರಕ್ತಹೀನತೆ.

ಇದು ಎಲ್ಲೋ ಒಬ್ಬಿಬ್ಬರ ಕಾಯಿಲೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ದೇಶದಾದ್ಯಂತ ನೂರಕ್ಕೆ 57 ಜನರಿಗೆ, ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಕಂಡುಬಂದಿದೆ. ಅಂದರೆ ಈ ಪಡಸಾಲೆಯಲ್ಲಿ ಕುಳಿತ ತಾಯಂದಿರಲ್ಲಿ ಹೆಚ್ಚುಕಡಿಮೆ ಒಬ್ಬರ ಪಕ್ಕಕ್ಕೆ ಒಬ್ಬರು. ರೋಗಿಯನ್ನು ನೋಡಿಕೊಳ್ಳಲು ಬಂದವರಲ್ಲಿಯೇ ರೋಗಿಯಿರಬಹುದು.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನಾನು ಡಿಪ್ಲೊಮಾ ಸೇರಿದ ಹೊಸತು. ಪ್ರಯೋಗದ ತರಗತಿಯಲ್ಲಿ ನಮ್ಮ ನಮ್ಮ ಬೆರಳು ಚುಚ್ಚಿ ನಮ್ಮದೇ ರಕ್ತವನ್ನು ಅಳೆಯಬೇಕಿತ್ತು. ಆಗ ಸಣ್ಣ ಗಾಜಿನ ನಳಿಕೆಯಲ್ಲಿ ಆಮ್ಲದ ಜೊತೆ ರಕ್ತ ಬೆರೆಸಿ, ಬಣ್ಣ ಹೋಲಿಸಿ ನೋಡುವ ಪದ್ಧತಿ ಇತ್ತು. ನನ್ನದು 7.8 ಬಂತು. ನಾನು ಅಳತೆ ತಪ್ಪಿರಬೇಕೆಂದು ಇನ್ನೊಂದು ಬೆರಳು ಚುಚ್ಚಿಕೊಂಡೆ. ಮತ್ತೂ ಅಷ್ಟೇ. ನಮ್ಮದು ಹೊಲವಿದ್ದ ಮನೆ. ಜೋಳ, ಶೇಂಗಾ, ಒಂದು ಎಮ್ಮೆ ಎಲ್ಲ ಇತ್ತು. ಉಪವಾಸ ಬಿದ್ದವರಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಓದಲು ಕುಳಿತರೆ ತೂಕಡಿಕೆ, ಇವೆಲ್ಲ ನನ್ನ ಸ್ವಭಾವ ಎಂದುಕೊಂಡಿದ್ದೆ. ಶಾಲೆಯಲ್ಲಿದ್ದಾಗ ಬಳಪ ತಿನ್ನುತ್ತೇನೆಂದು ಬೈಸಿಕೊಂಡಿದ್ದೆ. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕೆಂಬ ಆಸೆ ಕಬ್ಬಿಣಾಂಶ ಕಡಿಮೆಯಾದವರಲ್ಲಿ ಹುಟ್ಟುತ್ತದೆ ಎಂಬುದನ್ನು ಆಮೇಲೆ ಪುಸ್ತಕದಲ್ಲಿ ಓದಿದೆ. ನಿಮ್ಮ ಮಕ್ಕಳು ಬಳಪ ತಿನ್ನುತ್ತಿದ್ದರೆ ಹೊಡೆಯಬೇಡಿ, ಪರೀಕ್ಷೆಗೆ ಕರೆತನ್ನಿ.

ರಜೆಗೆ ಊರಿಗೆ ಹೋದಾಗ ನಮ್ಮ ಅವ್ವನನ್ನು ಬಲವಂತದಿಂದ ಪರೀಕ್ಷೆಗೆ ಕರೆದೊಯ್ದೆ. ಅವಳದು 6.4. "ನನಗೇನಾಗೇತಿ, ಹಂಗ ವಯಸ್ಸಾತು" ಎನ್ನುತ್ತಿದ್ದಳು. ಆಗ ಅವಳಿಗೆ 42 ವರ್ಷ. ಡಾಕ್ಟರು ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿಯಿತು, ಆರೇಳು ವರ್ಷದಿಂದ ಮುಟ್ಟಿನ ಸ್ರಾವ ವಿಪರೀತವಾಗಿತ್ತು. ಯಾರಿಗೂ ಹೇಳಿರಲಿಲ್ಲ. ನರ್ಸಿಂಗ್ ಓದುವ ಮಗಳಿಗೂ ಹೇಳಿರಲಿಲ್ಲ.

ಅವ್ವ ಉಣ್ಣುವುದನ್ನು ನಾನು ಆ ರಜೆಯಲ್ಲಿ ಮೊದಲ ಬಾರಿ ಸರಿಯಾಗಿ ನೋಡಿದೆ. ಅಪ್ಪ ಮತ್ತು ಅಣ್ಣಂದಿರು ಮೊದಲು. ಆಮೇಲೆ ಅಜ್ಜಿ. ಆಮೇಲೆ ನಾನು. ಕಡೆಗೆ ಒಲೆಯ ಮುಂದೆಯೇ ಅವ್ವ. ಅಷ್ಟು ಹೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಉಳಿದಿರುತ್ತಿತ್ತು, ಕಾಳಿನ ಪಲ್ಯದ ತಳದಲ್ಲಿ ನೀರು ಉಳಿದಿರುತ್ತಿತ್ತು. ಖಾರದ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿನ್ನುತ್ತಿದ್ದಳು. ಕೈ ತೊಳೆದವಳೇ ಚಹಾ ಕಾಯಿಸಿಕೊಳ್ಳುತ್ತಿದ್ದಳು, ಅದೊಂದೇ ಅವಳ ಸುಖ. ಮೆಂತ್ಯೆ ಸೊಪ್ಪನ್ನು ಸೋಸಿ, ತೊಳೆದು, ಬೇಯಿಸಿದವಳು ಅವಳು. ಅದರ ರುಚಿ ಕಂಡವರು ನಾವು.

ಒಂದೇ ಒಲೆ, ಒಂದೇ ಮನೆ, ಆದರೂ ಗಂಡಸರಿಗೆ ರಕ್ತ ಸರಿಯಾಗಿರುತ್ತದೆ, ಹೆಂಗಸರಿಗೆ ಇರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29. ಹೆಚ್ಚು ಬೇಕಾದವಳು ಕಡೆಗೆ ಉಣ್ಣುತ್ತಾಳೆ, ಕಡಿಮೆ ಉಣ್ಣುತ್ತಾಳೆ. ಇಲ್ಲಿ ಕುಳಿತಿರುವ ಅತ್ತೆಯಂದಿರಿಗೆ, ಗಂಡಂದಿರಿಗೆ ನಾನು ಹೇಳುವುದು ಇಷ್ಟೇ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಅದು ಆಗದ ಮನೆಯಾದರೆ, ಪಲ್ಯ ಇಳಿಸಿದ ಕೂಡಲೆ ಸೊಸೆಯ ಪಾಲನ್ನು ಒಂದು ಬಟ್ಟಲಲ್ಲಿ ತೆಗೆದು ಮುಚ್ಚಿಡಿ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ನಮ್ಮ ಮನೆಯಲ್ಲಿ ಈ ಬಟ್ಟಲು ತೆಗೆದಿಡುವ ಕೆಲಸವನ್ನು ನಮ್ಮ ಅಜ್ಜಿಯೇ ಶುರು ಮಾಡಿದಳು, ಅದೂ ನನಗೆ ಬಯ್ಯುತ್ತಲೇ!

ಇನ್ನು ಬಟ್ಟಲಲ್ಲಿ ಏನಿರಬೇಕು ಎಂಬ ಮಾತು.

ಮೊದಲು ರೊಟ್ಟಿ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದೆ, ಸಜ್ಜೆಯಲ್ಲಿ 6ಕ್ಕಿಂತ ಹೆಚ್ಚು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಮನೆಗೆ ಬೀಗರು ಬಂದರೆ ಅನ್ನ, ಮನೆಯವರಿಗೆ ರೊಟ್ಟಿ ಎನ್ನುವ ಕಾಲವಿತ್ತು. ಈಗ ಅನ್ನವೇ ನಿತ್ಯದ ಊಟವಾಗಿ, ರೊಟ್ಟಿ ಬಡಿಯಲು ಯಾರಿಗೂ ಪುರುಸೊತ್ತಿಲ್ಲ ಎನ್ನುವಂತಾಗಿದೆ. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಪಟ್ಟಣದ ಅಂಗಡಿಯಲ್ಲಿ ಸಜ್ಜೆ, ನವಣೆಗಳನ್ನು ಚೆಂದದ ಪೊಟ್ಟಣ ಕಟ್ಟಿ ಮಾರುತ್ತಿದ್ದಾರೆ. ನಾವು ಮಾತ್ರ ಹೊಲದಲ್ಲಿ ಬೆಳೆದದ್ದನ್ನು ಮಾರಿ ಬ್ರೆಡ್ಡು ತರುತ್ತೇವೆ. ರಾಗಿ ಸಿಗುವ ಊರಿನವರಾದರೆ ಇನ್ನೂ ಒಳ್ಳೆಯದು, ಅದರಲ್ಲಿ ಎಲುಬಿಗೆ ಬೇಕಾದ ಸುಣ್ಣದಂಶ ಬೇರೆ ಯಾವ ಧಾನ್ಯದಲ್ಲಿಯೂ ಇಲ್ಲದಷ್ಟಿದೆ.

ರೊಟ್ಟಿಯ ಜೊತೆ ಕಾಳು ಇರಲೇಬೇಕು. ಹುರುಳಿ, ಮಡಿಕೆ, ಹೆಸರು, ಅಲಸಂದಿ, ಕಡಲೆ, ಯಾವುದು ಅಗ್ಗವೋ ಅದು. ಜೋಳದ ಪ್ರೊಟೀನಿನಲ್ಲಿ ಇರುವ ಕೊರತೆಯನ್ನು ಕಾಳಿನ ಪ್ರೊಟೀನ್ ತುಂಬಿಕೊಡುತ್ತದೆ. ಹುರುಳಿಯನ್ನು ಎತ್ತಿಗೆ ಹಾಕುವುದು ಎಂದು ಕೆಲವರು ಕೀಳಾಗಿ ಕಾಣುತ್ತಾರೆ. ನೂರು ಗ್ರಾಂ ಹುರುಳಿಯಲ್ಲಿ 8 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣಾಂಶವಿದೆ, 20 ಗ್ರಾಂಗಿಂತ ಹೆಚ್ಚು ಪ್ರೊಟೀನಿದೆ. ಎತ್ತು ಸುಮ್ಮನೆ ಗಳೆ ಹೊಡೆಯುವುದಿಲ್ಲ. ಕಾಳನ್ನು ರಾತ್ರಿ ನೆನೆಸಿ, ಅರಿವೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಅದರ ಕಬ್ಬಿಣಾಂಶ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಕಾಳು ಬೇಯಿಸಿದ ನೀರನ್ನು ಚೆಲ್ಲಬಾರದು. ಹಬ್ಬದ ದಿನ ಬೇಳೆ ಬಸಿದ ಕಟ್ಟಿನಲ್ಲಿ ಸಾರು ಮಾಡುವ ನಮ್ಮ ರೂಢಿಯಂತೂ ಬಹಳ ಜಾಣತನದ್ದು.

ಮೂರನೆಯದು ಸೊಪ್ಪು. ಮೆಂತ್ಯೆ, ರಾಜಗಿರಿ, ನುಗ್ಗೆ ಸೊಪ್ಪು. ಎಲ್ಲರೂ ಪಾಲಕ್ ಎನ್ನುತ್ತಾರೆ, ಆದರೆ ಮೆಂತ್ಯೆಯಲ್ಲಿ ಪಾಲಕ್‌ಗಿಂತ ಹೆಚ್ಚು ಕಬ್ಬಿಣಾಂಶವಿದೆ. ನುಗ್ಗೆ ಗಿಡ ಹಿತ್ತಲಲ್ಲಿದ್ದೂ ಕಾಯಿ ಮಾತ್ರ ಕೊಯ್ದು, ಸೊಪ್ಪನ್ನು ಆಡಿಗೆ ಹಾಕುವ ಮನೆಗಳನ್ನು ನೋಡಿದ್ದೇನೆ. ಅದೇ ಸೊಪ್ಪಿನಲ್ಲಿ ಕಬ್ಬಿಣಾಂಶವಿದೆ, ಕಣ್ಣಿಗೆ ಬೇಕಾದ ಎ ಜೀವಸತ್ವವಾಗುವ ಸತ್ವವಿದೆ, ತೂಕಕ್ಕೆ ತೂಕ ಹಾಕಿದರೆ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು ಸುಣ್ಣದಂಶವಿದೆ. ಸೊಪ್ಪನ್ನು ಮೊದಲು ತೊಳೆಯಿರಿ, ಆಮೇಲೆ ಹೆಚ್ಚಿರಿ. ಹೆಚ್ಚಿ ತೊಳೆದರೆ ಸತ್ವ ನೀರಿನ ಜೊತೆ ಹೋಗುತ್ತದೆ. ಬಹಳ ಹೊತ್ತು ಕುದಿಸಿದರೆ ಅದರಲ್ಲಿರುವ ಫೋಲಿಕ್ ಆಮ್ಲ ನಾಶವಾಗುತ್ತದೆ. ಮುಚ್ಚಿ ಸ್ವಲ್ಪ ಹೊತ್ತು ಬೇಯಿಸಿದರೆ ಸಾಕು. ಕಬ್ಬಿಣದ ಬಾಣಲೆಯಿದ್ದರೆ ಅಟ್ಟದಿಂದ ಇಳಿಸಿ ಅದರಲ್ಲಿಯೇ ಪಲ್ಯ ಮಾಡಿ, ಪಾತ್ರೆಯ ಕಬ್ಬಿಣವೂ ಸ್ವಲ್ಪ ಊಟಕ್ಕೆ ಇಳಿಯುತ್ತದೆ.

ಗುರೆಳ್ಳು, ಅಗಸೆ, ಶೇಂಗಾ, ಎಳ್ಳು ಇವುಗಳ ಚಟ್ನಿಪುಡಿ ನಮ್ಮ ಕಡೆಯ ಭಾಗ್ಯ. ಒಳ್ಳೆಯ ಕೊಬ್ಬು, ಪ್ರೊಟೀನ್, ಕಬ್ಬಿಣಾಂಶ ಎಲ್ಲ ಅದರಲ್ಲಿವೆ. ಆದರೆ ಚಿಟಿಕೆ ಹಚ್ಚಿಕೊಂಡರೆ ಆಗದು, ಎರಡು ಚಮಚ ಬಡಿಸಿಕೊಳ್ಳಿ. ಉಪ್ಪು ಖಾರ ಕಡಿಮೆ ಹಾಕಿ ಕುಟ್ಟಿದರೆ ಅಷ್ಟು ತಿನ್ನಲು ಬರುತ್ತದೆ. ಬೆಲ್ಲದ ವಿಷಯದಲ್ಲಿ ಒಂದು ಮಾತು. ಬೆಲ್ಲ ಸಕ್ಕರೆಗಿಂತ ಮೇಲು, ಸುಳ್ಳಲ್ಲ. ಆದರೆ ಒಂದು ಸಣ್ಣ ತುಂಡಿನಲ್ಲಿ ಸಿಗುವುದು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ. ಬೆಲ್ಲದಿಂದಲೇ ರಕ್ತ ತುಂಬಿಸುತ್ತೇನೆ ಎಂದರೆ ಸಕ್ಕರೆ ಕಾಯಿಲೆ ಮೊದಲು ಬಂದೀತು. ಶೇಂಗಾ ಉಂಡೆಯಲ್ಲಿ, ಎಳ್ಳುಂಡೆಯಲ್ಲಿ ಸೇರಿಸಿ ತಿನ್ನುವುದು ಸರಿ.

ಒಂದು ಲೆಕ್ಕ ಹಾಕೋಣ. ಮೂರು ಜೋಳದ ರೊಟ್ಟಿ, ಒಂದು ಬಟ್ಟಲು ಹುರುಳಿ ಪಲ್ಯ, ಒಂದು ಹಿಡಿ ದೊಡ್ಡದಾಗಿ ಮೆಂತ್ಯೆ ಪಲ್ಯ, ಶೇಂಗಾ ಚಟ್ನಿ. ಇಷ್ಟರಲ್ಲಿ ಹತ್ತಿರ ಹತ್ತಿರ 15 ಮಿಲಿಗ್ರಾಂ. ಎರಡು ಹೊತ್ತು ಹೀಗೆ ಉಂಡರೆ ಹೆಂಗಸಿಗೆ ಬೇಕಾದ 29 ತುಂಬುತ್ತದೆ. ಅದೇ ಜಾಗದಲ್ಲಿ ಎರಡು ಹೊತ್ತೂ ಬಿಳಿ ಅನ್ನ, ತಿಳಿ ಸಾರು ಉಂಡರೆ ನಾಲ್ಕೈದು ಮಿಲಿಗ್ರಾಂ ಆಗುವುದೂ ಕಷ್ಟ.

ಆದರೆ ಉಂಡದ್ದೆಲ್ಲ ಮೈಗೆ ಹತ್ತುವುದಿಲ್ಲ. ಕಾಳು, ಸೊಪ್ಪು, ಧಾನ್ಯದಲ್ಲಿರುವ ಕಬ್ಬಿಣಾಂಶದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ರಕ್ತಕ್ಕೆ ಸೇರುತ್ತದೆ. ಈ ಪಾಲನ್ನು ಹೆಚ್ಚಿಸುವುದೂ ಕಡಿಮೆ ಮಾಡುವುದೂ ನಮ್ಮ ಕೈಯಲ್ಲಿದೆ. ಹೆಚ್ಚಿಸುವುದು ಹುಳಿಯಲ್ಲಿರುವ ಸಿ ಜೀವಸತ್ವ. ಪಲ್ಯ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಹಸಿ ಉಳ್ಳಾಗಡ್ಡಿ, ಟೊಮೆಟೊ, ಸವತೆಕಾಯಿಯ ಪಚ್ಚಡಿಗೂ ಹಿಂಡಿ. ಊಟದ ಜೊತೆ ಒಂದು ಪೇರಲ ಹಣ್ಣು ಅಥವಾ ನೆಲ್ಲಿಕಾಯಿ ತಿನ್ನಿ. ಹಣ್ಣು ತರಲೇಬೇಕು ಎನ್ನುವ ಆಸೆಯಿದ್ದವರು ಸೇಬಿನ ದುಡ್ಡಿನಲ್ಲಿ ಪೇರಲ ತನ್ನಿ. ಪೇರಲದಲ್ಲಿ ನಿಂಬೆಯ ರಸಕ್ಕಿಂತ ಹಲವು ಪಟ್ಟು ಸಿ ಜೀವಸತ್ವವಿದೆ.

ಕಡಿಮೆ ಮಾಡುವುದು ಯಾವುದು ಗೊತ್ತೇ? ಚಹಾ.

ನಾನು ಚಹಾದ ವೈರಿಯಲ್ಲ, ರಾತ್ರಿ ಪಾಳಿ ಮಾಡಿದವರು ಯಾರೂ ಚಹಾದ ವೈರಿಯಾಗಲಾರರು. ಆದರೆ ಚಹಾದಲ್ಲಿರುವ ಒಗರು ಪದಾರ್ಥ ಊಟದಲ್ಲಿನ ಕಬ್ಬಿಣಾಂಶವನ್ನು ಹೊಟ್ಟೆಯಲ್ಲಿಯೇ ಹಿಡಿದುಬಿಡುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ಕಾಫಿಯೂ ಅಷ್ಟೇ. ಊಟದ ಹಿಂದೆಯೇ ಚಹಾ ಕುಡಿದರೆ ಅಷ್ಟು ಕಷ್ಟಪಟ್ಟು ಮಾಡಿದ ಮೆಂತ್ಯೆ ಪಲ್ಯದ ಸತ್ವದಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥವಾಗಬಹುದು. ಊಟಕ್ಕೆ ಒಂದು ಗಂಟೆ ಮುಂಚೆ, ಊಟವಾದ ಒಂದು ಗಂಟೆಯವರೆಗೆ ಚಹಾ ಕಾಫಿ ಬೇಡವೆಂದು ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿಯೂ ಹೇಳಿದೆ. ನಮ್ಮ ಕಡೆ ಬೆಳಿಗ್ಗೆ ಚಹಾದಲ್ಲಿ ರೊಟ್ಟಿ ಅದ್ದಿಕೊಂಡು ತಿಂದು ಹೊಲಕ್ಕೆ ಹೋಗುತ್ತಾರೆ. ಮಕ್ಕಳಿಗೂ ಅದನ್ನೇ ಕೊಡುತ್ತಾರೆ. ದಯವಿಟ್ಟು ಮಕ್ಕಳಿಗೆ ಕೊಡಬೇಡಿ. ನಮ್ಮ ಅವ್ವ ಚಹಾ ಬಿಡಲಿಲ್ಲ. ಊಟದ ಹಿಂದೆ ಕುಡಿಯುತ್ತಿದ್ದುದನ್ನು ನಾಲ್ಕು ಗಂಟೆಗೆ ಸರಿಸಿದಳು, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ, ಊಟದಿಂದಲೇ ಎಲ್ಲ ಸರಿಹೋಗುತ್ತದೆ, ಮಾತ್ರೆ ಬೇಡ ಎಂದು ಯಾರಾದರೂ ತಿಳಿದರೆ ನನ್ನ ಈ ಭಾಷಣದಿಂದ ಕೆಡುಕಾಗುತ್ತದೆ. ಇದ್ದ ರಕ್ತವನ್ನು ಕಾಯ್ದುಕೊಳ್ಳಲು ಊಟ. ಆಗಲೇ ಕಡಿಮೆಯಾಗಿದ್ದರೆ ಮಾತ್ರೆ ಬೇಕೇ ಬೇಕು, ಬಹಳ ಕಡಿಮೆಯಿದ್ದರೆ ಡಾಕ್ಟರು ರಕ್ತನಾಳದ ಮೂಲಕ ಕಬ್ಬಿಣಾಂಶದ ಇಂಜೆಕ್ಷನ್ ಕೊಡುತ್ತಾರೆ ಅಥವಾ ರಕ್ತವನ್ನೇ ಹಾಕಬೇಕಾಗುತ್ತದೆ. ಹೆರಿಗೆಯ ಹೊತ್ತಿಗೆ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. 12 ಇದ್ದವಳು ಅದನ್ನು ತಡೆದುಕೊಂಡಾಳು. 6 ಇದ್ದವಳಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೆ ಬರುತ್ತದೆ. ನಡುರಾತ್ರಿಯಲ್ಲಿ ಗಂಡ, ಮೈದುನ ಚೀಟಿ ಹಿಡಿದು ರಕ್ತ ಕೊಡುವವರನ್ನು ಹುಡುಕುತ್ತ ಓಡಾಡುವುದನ್ನು ಈ ಬಾಗಿಲಲ್ಲಿಯೇ ನಾನು ನೋಡುತ್ತೇನೆ. ಅವರಲ್ಲಿ ಎಷ್ಟೋ ಮನೆಗಳಲ್ಲಿ ಮಾತ್ರೆಯ ಹಾಳೆಗಳು ಒಡೆಯದೆ ಹಾಗೆಯೇ ಕಪಾಟಿನಲ್ಲಿರುತ್ತವೆ.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಬಸುರಿಯರಿಗೆ ಉಚಿತವಾಗಿ ಸಿಗುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ರಕ್ತ ಕಡಿಮೆಯಿದ್ದರೆ ಎಷ್ಟು ಎಂಬುದನ್ನು ಡಾಕ್ಟರು ಹೇಳುತ್ತಾರೆ. ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಮಲಬದ್ಧತೆಯಾಗುತ್ತದೆ ಎಂದು ಬಿಟ್ಟುಬಿಡುತ್ತಾರೆ. ಮಲ ಕಪ್ಪಾಗುವುದು ಮಾತ್ರೆಯ ಬಣ್ಣ, ಹೆದರಬೇಡಿ. ವಾಕರಿಕೆಯಾದರೆ ರಾತ್ರಿ ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು, ನಿಂಬೆ ಪಾನಕದ ಜೊತೆ ನುಂಗಿ ಮಲಗಿ. ಹಾಲಿನ ಜೊತೆ, ಚಹಾದ ಜೊತೆ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆ, ಎದೆಯುರಿಯ ಔಷಧಿಗಳನ್ನು ಇದರ ಜೊತೆ ಸೇರಿಸಬೇಡಿ, ಒಂದು ಬೆಳಿಗ್ಗೆ ಆದರೆ ಇನ್ನೊಂದು ರಾತ್ರಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಮತ್ತೊಂದು ಮುಖ್ಯ ಮಾತು. ಹಿಮೋಗ್ಲೋಬಿನ್ 12ಕ್ಕೆ ಏರಿತೆಂದು ಮಾತ್ರೆ ನಿಲ್ಲಿಸಬಾರದು. ಮೈಯಲ್ಲಿ ಕಬ್ಬಿಣಾಂಶದ ಒಂದು ಕಣಜವಿದೆ, ಅದು ತುಂಬಲು ಮತ್ತೆ ಮೂರು ತಿಂಗಳು ಬೇಕು. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಕೆಂಪಗೆ ಪೆಪ್ಪರಮಿಂಟಿನಂತೆ ಕಾಣುತ್ತವೆ, ಸಣ್ಣ ಮಕ್ಕಳು ಹಲವು ಮಾತ್ರೆ ನುಂಗಿದರೆ ಪ್ರಾಣಾಪಾಯ.

ಊಟ ಸರಿಯಿದ್ದೂ, ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ ಎಲ್ಲಿಯೋ ಸೋರುತ್ತಿದೆ ಎಂದು ತಿಳಿಯಬೇಕು. ಬರಿಗಾಲಲ್ಲಿ ಹೊಲದಲ್ಲಿ, ಬಯಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕವೇ ಮೈ ಸೇರಿ, ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ. ಅದಕ್ಕೆ ಒಂದು ಮಾತ್ರೆ ಸಾಕು, ಆದರೆ ಡಾಕ್ಟರನ್ನು ಕೇಳಿ. ಹೆಂಗಸರಲ್ಲಿ ಮುಟ್ಟಿನ ಸ್ರಾವ ಹೆಚ್ಚಿದ್ದರೆ ನಾಚಿಕೆ ಪಡದೆ ಹೇಳಿ. ನಮ್ಮ ಅವ್ವನಿಗೆ ಗರ್ಭಕೋಶದಲ್ಲಿ ಗಡ್ಡೆಯಿತ್ತು. ಅದಕ್ಕೆ ಚಿಕಿತ್ಸೆಯಾದ ಮೇಲೆಯೇ ಅವಳ ಮುಖಕ್ಕೆ ಕಳೆ ಬಂದದ್ದು. ಗಂಡಸರಲ್ಲಿ ರಕ್ತ ಕಡಿಮೆಯಾದರೆ ಅದನ್ನು ಹಗುರವಾಗಿ ನೋಡಬೇಡಿ. ಮೂಲವ್ಯಾಧಿಯೋ, ಹೊಟ್ಟೆಯ ಹುಣ್ಣೋ, ಇನ್ನೇನಾದರೂ ಇದೆಯೋ ಎಂದು ಪರೀಕ್ಷಿಸಲೇಬೇಕು.

ಇಲ್ಲಿಗೆ ಬರುವವರಲ್ಲಿ ಸಸ್ಯಾಹಾರಿಗಳೇ ಹೆಚ್ಚು. ಅವರು ಬಿ12 ಜೀವಸತ್ವದ ವಿಷಯ ತಿಳಿದಿರಬೇಕು. ಇದು ಯಾವ ಕಾಳಿನಲ್ಲಿಯೂ, ಯಾವ ಸೊಪ್ಪಿನಲ್ಲಿಯೂ ಇಲ್ಲ. ನಮಗೆ ಸಿಗುವ ದಾರಿ ಹಾಲು, ಮೊಸರು, ಮಜ್ಜಿಗೆ. ಮೊಟ್ಟೆ ತಿನ್ನುವವರಿಗೆ ಅದರಲ್ಲಿಯೂ ಸಿಗುತ್ತದೆ. ಮನೆಯ ಎಮ್ಮೆಯ ಹಾಲನ್ನೆಲ್ಲ ಡೇರಿಗೆ ಹಾಕಿ, ಚಹಾಕ್ಕೆ ಒಂದು ಲೋಟ ಉಳಿಸಿಕೊಳ್ಳುವ ಮನೆಗಳಲ್ಲಿ ಇದು ಕಡಿಮೆಯಾಗುತ್ತದೆ. ಅಂಗಾಲು ಜೋಮು ಹಿಡಿಯುವುದು, ಸೂಜಿ ಚುಚ್ಚಿದಂತಾಗುವುದು, ನಾಲಿಗೆ ನುಣ್ಣಗೆ ಕೆಂಪಾಗಿ ಉರಿಯುವುದು, ಮರೆವು, ಇವು ಅದರ ಲಕ್ಷಣ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷದಿಂದ ನುಂಗುವವರಲ್ಲಿ ಇನ್ನೂ ಹೆಚ್ಚು. ಇದಕ್ಕೆ ಪರೀಕ್ಷೆಯಿದೆ, ಮಾತ್ರೆ ಇಂಜೆಕ್ಷನ್ನುಗಳಿವೆ. ಆದರೆ ಹಾಲನ್ನು ಕಾಳು ಪಲ್ಯದ ಊಟದ ಜೊತೆ ಕುಡಿಯಬೇಡಿ, ಹಾಲಿನ ಸುಣ್ಣದಂಶ ಕಬ್ಬಿಣಾಂಶವನ್ನು ತಡೆಯುತ್ತದೆ. ಬೆಳಿಗ್ಗೆಯೋ, ಮಲಗುವ ಮುಂಚೆಯೋ ಬೇರೆಯಾಗಿ ಕುಡಿಯಿರಿ.

ಪಥ್ಯದ ಮಾತು ಆಡದೆ ಹೋದರೆ ಈ ಪಡಸಾಲೆಯಲ್ಲಿ ನನ್ನ ಮಾತು ಪೂರ್ತಿಯಾಗುವುದಿಲ್ಲ. ಬಾಣಂತಿಗೆ ಸೊಪ್ಪು ಕೊಟ್ಟರೆ ಕೂಸಿಗೆ ಹಸಿರು ಭೇದಿ, ಬೇಳೆ ಕೊಟ್ಟರೆ ಹೊಲಿಗೆ ಕೀವಾಗುತ್ತದೆ, ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ. ಇವನ್ನು ಪ್ರತಿ ವಾರ ಕೇಳುತ್ತೇನೆ. ಮೊನ್ನೆ ಒಬ್ಬ ಹಿರಿಯ ತಾಯಿ, "ಸಿಸ್ಟರ್, ನಮ್ಮ ಕಾಲದಾಗ ಬರೀ ಅನ್ನ ಬಳ್ಳೊಳ್ಳಿ ತುಪ್ಪ ತಿಂದು ಎಂಟು ಹಡದೇವ್ರೀ" ಎಂದರು. "ಆಯಿ, ಎಂಟರಾಗ ಎಷ್ಟು ಉಳದಾವು?" ಎಂದು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತು ಎನಿಸಿತು. ಅವರು ಬಹಳ ಹೊತ್ತು ಸುಮ್ಮನಿದ್ದು, "ಮೂರು" ಎಂದರು. ಆಮೇಲೆ ಸೊಸೆಯ ಬುತ್ತಿಗೆ ಹೆಸರುಬೇಳೆ ಹಾಕಿಸಿಕೊಂಡು ಹೋದರು.

ಹಳೆಯದೆಲ್ಲ ತಪ್ಪು ಎಂದು ನಾನು ಹೇಳುವುದಿಲ್ಲ. ಬಾಣಂತಿಗೆ ಆಳ್ವಿ ಪಾಯಸ, ಅಂಟಿನ ಉಂಡೆ, ಕೊಬ್ಬರಿ, ಉತ್ತತ್ತಿ ಕೊಡುವ ಪದ್ಧತಿ ಬಹಳ ಒಳ್ಳೆಯದು. ಆಳ್ವಿಯಲ್ಲಿ ಕಬ್ಬಿಣಾಂಶ ಸಮೃದ್ಧವಾಗಿದೆ. ಹೊಲಿಗೆ ಕೀವಾಗುವುದು ಬೇಳೆಯಿಂದಲ್ಲ, ಹೊಲಸಿನಿಂದ. ಗಾಯ ಕೂಡಿಕೊಳ್ಳಲು ಪ್ರೊಟೀನೇ ಬೇಕು. ಆಪರೇಷನ್ ಆದವರಿಗೆ ಡಾಕ್ಟರು ಊಟ ಕೊಡಬಹುದು ಎಂದ ಮೇಲೆ ಬರೀ ರವೆ ಗಂಜಿಯಲ್ಲಿ ಎಂಟು ದಿನ ಕಳೆಯಬೇಡಿ. ಮೆತ್ತಗೆ ಬೇಯಿಸಿದ ಹೆಸರುಬೇಳೆ ಕಿಚಡಿ, ಜೋಳದ ನುಚ್ಚು, ಮಜ್ಜಿಗೆ, ಬೆಂದ ಸೊಪ್ಪಿನ ಬೇಳೆ ಕೊಡಿ. ಬಾಣಂತಿ ಬೇಕಾದಷ್ಟು ನೀರು ಕುಡಿಯಲಿ, ಎದೆಹಾಲು ಎಲ್ಲಿಂದ ಬರಬೇಕು?

ಎಲ್ಲರಿಗೂ ಒಂದೇ ಊಟ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಕಾಳು, ಸೊಪ್ಪು, ಬಾಳೆಹಣ್ಣು, ಎಳನೀರು ಅಪಾಯ ತರಬಹುದು. ಅವರನ್ನು ನೋಡಲು ಬರುವವರು ಎಳನೀರು ತರುವ ಮುಂಚೆ ಡ್ಯೂಟಿ ಸಿಸ್ಟರ್‌ಗಳನ್ನು ಕೇಳಿ. ಸಕ್ಕರೆ ಕಾಯಿಲೆಯವರು ಬೆಲ್ಲ, ಉಂಡೆ ಬಿಟ್ಟು ಉಳಿದದ್ದನ್ನು ಅಳತೆಯಲ್ಲಿ ಉಣ್ಣಲಿ. ಹೃದಯದ ಕವಾಟದ ಆಪರೇಷನ್ ಆಗಿ ರಕ್ತ ತೆಳುವಾಗುವ ಮಾತ್ರೆ ನುಂಗುವವರು ಸೊಪ್ಪನ್ನು ಒಮ್ಮೆಲೆ ಹೆಚ್ಚಿಸಬಾರದು, ಒಮ್ಮೆಲೆ ಬಿಡಲೂಬಾರದು, ಡಾಕ್ಟರ ಸಲಹೆ ಪಡೆಯಿರಿ.

ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ಮೇಲೂಟ ಶುರುವಾಗಬೇಕು. ಅದು ಬಿಸ್ಕೀಟು ಕಲಸಿದ ಹಾಲಲ್ಲ. ರೊಟ್ಟಿಯನ್ನು ಬೇಳೆಯಲ್ಲಿ ಮೆತ್ತಗೆ ಕಿವುಚಿ, ಬೆಂದ ಸೊಪ್ಪು ಸೇರಿಸಿ, ಒಂದು ಚಮಚ ತುಪ್ಪ ಹಾಕಿ ತಿನ್ನಿಸಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇದೆಯೆಂದು ಅದೇ ಸಮೀಕ್ಷೆ ತಿಳಿಸಿದೆ. ಅವ್ವನಿಗೆ ಕಡಿಮೆಯಿದ್ದರೆ ಬಸಿರಿನಲ್ಲಿಯೇ ಕೂಸಿನ ಕಣಜಕ್ಕೂ ಕಡಿಮೆ ಬೀಳುತ್ತದೆ.

ಈಗ ಒಂದು ಕೆಲಸ ಮಾಡಿ. ನಿಮ್ಮ ಪಕ್ಕದಲ್ಲಿ ಕುಳಿತವರ ಕೆಳಗಣ್ಣಿನ ರೆಪ್ಪೆಯನ್ನು ಸ್ವಲ್ಪ ಕೆಳಗೆ ಎಳೆದು ಒಳಗೆ ನೋಡಿ. ಬಿಳಿಚಿಕೊಂಡಿದೆಯೋ, ಕೆಂಪಗಿದೆಯೋ? ಉಗುರು, ಅಂಗೈ ಕೂಡ ನೋಡಿ. ಇದು ಬರೀ ಅಂದಾಜು, ಕಣ್ಣಿಗೆ ಕೆಂಪಗೆ ಕಂಡರೂ ಕಡಿಮೆ ಇರಬಹುದು. ಸರಿಯಾಗಿ ತಿಳಿಯಬೇಕೆಂದರೆ ರಕ್ತ ಪರೀಕ್ಷೆಯೇ ಆಗಬೇಕು. ಅದಕ್ಕೆ ಉಪವಾಸ ಇರಬೇಕಾಗಿಲ್ಲ, ಊಟ ಮಾಡಿಯೂ ಕೊಡಬಹುದು. ರೋಗಿಯ ಜೊತೆ ಬಂದ ತಾಯಂದಿರು, ಅಕ್ಕಂದಿರು ನಿಮ್ಮದನ್ನೂ ಮಾಡಿಸಿಕೊಳ್ಳಿ, "ನನಗೇನಾಗೇತಿ" ಎನ್ನಬೇಡಿ. ಲ್ಯಾಬ್ ಈ ಪಡಸಾಲೆಯ ಎಡಗಡೆಯ ಬಾಗಿಲು. ಚೀಟಿ ಬಂದ ಮೇಲೆ ನನ್ನ ಹತ್ತಿರ ತನ್ನಿ, ಜೊತೆಗೆ ನಿಮ್ಮ ಬುತ್ತಿಯನ್ನೂ ತನ್ನಿ. ಎರಡನ್ನೂ ತೆರೆದಿಟ್ಟುಕೊಂಡು ಕುಳಿತು ಮಾತನಾಡೋಣ.